ಸೀಲು ಬಿದ್ದ ಮೂವತ್ತೆಂಟು ಪಾಠಗಳು

ಮಾರ್ಚ್ 4, ಸೋಮವಾರ

ಇವತ್ತು ಆಫೀಸಿನಲ್ಲಿ ಎಲ್ಲ ವಿಭಾಗದ ಮುಖ್ಯಸ್ಥರಿಗೂ ಒಂದೊಂದು ನೋಟುಪುಸ್ತಕ ಹಂಚಿದರು. ಕಂಪನಿಗೆ ಏನೇನು ಕೇಡು ಬರಬಹುದು ಎಂದು ದಿನಕ್ಕೊಂದಾದರೂ ಯೋಚಿಸಿ ಬರೆಯಬೇಕಂತೆ. ಐವತ್ತಮೂರು ವರ್ಷ ಬದುಕಿದ್ದೇನೆ, ಕೇಡನ್ನು ಕರೆದು ಕೂರಿಸಿ ಬರೆಯಿರಿ ಎಂದು ಹೇಳಿಸಿಕೊಂಡಿದ್ದು ಇದೇ ಮೊದಲು.

ವಿಷಯ ಇಷ್ಟೇ. ನಮ್ಮ ಕಂಪನಿಯನ್ನು ದೊಡ್ಡದೊಂದು ಕಂಪನಿ ಕೊಳ್ಳಲು ಹೊರಟಿದೆ. ಕೊಳ್ಳುವ ಮೊದಲು ನಮ್ಮಲ್ಲಿರುವ ಅಪಾಯಗಳ ಪಟ್ಟಿ ಬೇಕು ಎಂದು ಒಬ್ಬ ವಕೀಲೆಯನ್ನು ಕಳಿಸಿದ್ದಾರೆ. ಆಕೆ ಒಂದು ಗಂಟೆ ಮಾತಾಡಿದಳು. ಮಾತೆಲ್ಲ ಹಲ್ಲಿನ ಸಂದಿಯಲ್ಲೇ. ಈಗಿನವರು ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ನಾನು ತಲೆಯಾಡಿಸಿ ಎದ್ದು ಬಂದೆ, ಆಮೇಲೆ ಪಕ್ಕದವರ ಟಿಪ್ಪಣಿ ನೋಡಿಕೊಂಡೆ.

ಆಕೆಗೆ ಕೊಡುವುದನ್ನು ಪುಸ್ತಕದ ಮುಂದಿನಿಂದ ಬರೆಯುತ್ತೇನೆ. ಇದು ಹಿಂದಿನಿಂದ, ನನಗಾಗಿ. ಪುಸ್ತಕ ಚೆನ್ನಾಗಿದೆ, ಬರೀ ಕೇಡು ತುಂಬಿಸುವುದು ಯಾಕೆ.

ನಾವು ಮಾರುವುದು ಭಾಷೆ. ಮೊದಲು ಕ್ಯಾಸೆಟ್ಟಿನಲ್ಲಿ ಮಾರುತ್ತಿದ್ದೆವು, ಆಮೇಲೆ ಸೀಡಿಯಲ್ಲಿ, ಈಗ ಫೋನಿನಲ್ಲಿ. ಹನ್ನೊಂದು ಭಾಷೆ ಕಲಿಸುತ್ತೇವೆ. ಯಾವ ಭಾಷೆಯೇ ಆಗಲಿ, ಮೊದಲ ಪಾಠದ ಮೂರನೆಯ ವಾಕ್ಯ ಒಂದೇ: ‘ನನಗೆ ಕೇಳಿಸಲಿಲ್ಲ, ದಯವಿಟ್ಟು ಇನ್ನೊಂದು ಸಲ ಹೇಳಿ.’ ಪರದೇಶಕ್ಕೆ ಹೋದವನಿಗೆ ಅನ್ನಕ್ಕಿಂತ ಮೊದಲು ಬೇಕಾಗುವುದು ಅದೇ ಎಂದು ನಮ್ಮ ಕಂಪನಿಯ ಯಜಮಾನರ ನಂಬಿಕೆ. ಹನ್ನೊಂದು ಭಾಷೆಯಲ್ಲೂ ಆ ವಾಕ್ಯ ನನಗೆ ಬಾಯಿಪಾಠ.

ನನ್ನ ಕೆಲಸ ಕೇಳುವುದು. ಇಪ್ಪತ್ತನಾಲ್ಕು ವರ್ಷದಿಂದ ಪ್ರತಿ ಪಾಠವೂ ಹೊರಗೆ ಹೋಗುವ ಮೊದಲು ನನ್ನ ಕಿವಿಯ ಮೂಲಕ ಹೋಗಬೇಕು. ಉಸಿರಿನ ಸದ್ದು, ಕುರ್ಚಿಯ ಕಿರುಗುಟ್ಟು, ಗಂಟಲು ಕಟ್ಟಿದ ದನಿ, ಏನಿದ್ದರೂ ಹಿಂದಕ್ಕೆ. ಚೆನ್ನಾಗಿದ್ದರೆ ಹಾಳೆಯ ಮೇಲೆ ಸೀಲು ಹೊಡೆಯುತ್ತೇನೆ: ‘ಕೇಳಿ ಒಪ್ಪಿದೆ’. ಸೀಲು ಬಿದ್ದ ಮೇಲೆ ಅದನ್ನು ಇನ್ನು ಯಾರೂ ಕೇಳುವುದಿಲ್ಲ, ಅದು ನಮ್ಮಲ್ಲಿಯ ಪದ್ಧತಿ. ದನಿ ಕೊಡಲು ಬರುವವರು ನನ್ನನ್ನು ‘ಕಿವಿ ಮೇಡಂ’ ಅನ್ನುತ್ತಾರೆ, ನಾನಿಲ್ಲ ಅಂದುಕೊಂಡು. ನನಗೇನೂ ಬೇಸರವಿಲ್ಲ.

ಮಾರ್ಚ್ 6, ಬುಧವಾರ

ವಕೀಲೆಗಾಗಿ ಎಂಟು ಅಪಾಯ ಬರೆದೆ. ಫೋನೇ ತಾನಾಗಿ ಅನುವಾದ ಮಾಡಿ ಕಿವಿಯಲ್ಲಿ ಹೇಳಿಬಿಟ್ಟರೆ ಭಾಷೆ ಕಲಿಯುವವರಾರು. ಬೇರೆಯವರು ಪುಕ್ಕಟೆ ಕಲಿಸಿದರೆ ನಮ್ಮದನ್ನು ಕೊಳ್ಳುವವರಾರು. ಜನವರಿಯಲ್ಲಿ ಹುರುಪಿನಿಂದ ಸೇರಿದವರು ಮಾರ್ಚಿಗೆ ಮಾಯವಾಗುತ್ತಾರೆ. ಯಾವುದೋ ದೇಶದವರಿಗೆ ಯಾವುದೋ ವಾಕ್ಯ ನೋವು ಮಾಡಬಹುದು. ನಮ್ಮ ಪಾಠ ಕದ್ದು ಮಾರುವವರಿದ್ದಾರೆ. ಹೀಗೆ. ಬರೆಯುತ್ತಾ ಹೋದರೆ ಈ ಕಂಪನಿ ಇಷ್ಟು ವರ್ಷ ಹೇಗೆ ನಿಂತಿತು ಎಂದೇ ಆಶ್ಚರ್ಯವಾಗುತ್ತದೆ.

ಅಣ್ಣ ಇದ್ದಿದ್ದರೆ ಒಟ್ಟಿಗೆ ಕೂತು ನಗುತ್ತಿದ್ದೆವು. ಅಣ್ಣ ಅಂದರೆ ನಮ್ಮ ರೆಕಾರ್ಡಿಸ್ಟು. ಒಡಹುಟ್ಟಿದವರಲ್ಲ, ಆದರೆ ಒಡಹುಟ್ಟಿದವರ ಜೊತೆಗೂ ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಜನವರಿಯಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದಾರೆ. ಹೋಗುವ ಮೊದಲು ಎರಡು ಮೂರು ವರ್ಷ ಅವರದೊಂದು ವಿಚಿತ್ರ ಚಾಳಿ: ನಾನು ಐದು ಗಂಟೆಗೆ ಹೊರಟರೂ ಅವರು ಏಳುತ್ತಿರಲಿಲ್ಲ. ಅತ್ತಿಗೆ ಮನೆಗೆ ಸೇರಿಸುವುದಿಲ್ಲವೇನೋ ಎಂದು ರೇಗಿಸುತ್ತಿದ್ದೆ.

ಅವರ ಜಾಗಕ್ಕೆ ಬದಲಿಯಾಗಿ ಒಬ್ಬಳು ಬಂದಿದ್ದಾಳೆ. ನಲವತ್ತು ದಾಟಿದವಳು, ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದಳಂತೆ, ಅದು ಮುಚ್ಚಿತಂತೆ. ಇವತ್ತು ಮತ್ತೆ ನನ್ನ ಭುಜ ತಟ್ಟಿ ಹೇಳಿದಳು: “ಮೇಡಂ, ಹೆಡ್‌ಫೋನಲ್ಲಿ ಸಣ್ಣದಾಗಿ ಒಂದು ಸೀಟಿ ಥರ ಬರ್ತಿದೆ. ಹೊಸ ಲೈಟ್ ಹಾಕಿದ್ಮೇಲೆ ಶುರುವಾಗಿದ್ದು. ಒಂದ್ಸಲ ನೋಡಿಸೋಣ.”

ಜನವರಿಯಿಂದ ಇದು ನಾಲ್ಕನೇ ಸಲ. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕೊಳದ ನೀರಿನಷ್ಟು ಸ್ವಚ್ಛ. “ಇಪ್ಪತ್ತನಾಲ್ಕು ವರ್ಷ ಇಲ್ಲೇ ಕೂತಿದ್ದೀನಿ, ನನಗೆ ಗೊತ್ತಾಗಲ್ವ?” ಅಂದು ಸೀಲು ಹೊಡೆದೆ. ಬಂದು ಎರಡು ತಿಂಗಳಾಗಿಲ್ಲ, ತನ್ನ ಕಿವಿ ನನ್ನದಕ್ಕಿಂತ ಚುರುಕು ಎಂದು ತೋರಿಸಿಕೊಳ್ಳಬೇಕು ಅವಳಿಗೆ. ಮಕ್ಕಳ ಪಾಠಗಳ ಹೊಸ ಸರಣಿ ಮೂವತ್ತೆಂಟೂ ಮುಗಿದು ಶಾಲೆಗಳಿಗೆ ಹೋಗಿಯೂ ಆಯಿತು.

ಮನೆಯಲ್ಲಿ ಮುಂದಿನ ಕೋಣೆಯ ಗಡಿಯಾರಗಳನ್ನೆಲ್ಲ ಇವರು ನಿಲ್ಲಿಸಿಬಿಟ್ಟಿದ್ದಾರೆ ಅಂತ ಕಾಣುತ್ತದೆ. ಗಡಿಯಾರ ರಿಪೇರಿಯವನನ್ನು ಮದುವೆಯಾದ ತಪ್ಪಿಗೆ ಮೂವತ್ತು ವರ್ಷ ಆ ಟಿಕ್ ಟಿಕ್ ಸಹಿಸಿದ್ದೇನೆ. ಈಗ ಮನೆ ತಣ್ಣಗಿದೆ, ನೆಮ್ಮದಿ.

ಮಾರ್ಚ್ 9, ಶನಿವಾರ

ಇವರು ಈಚೆಗೆ ಮನೆಯಲ್ಲಿ ಮಾತೇ ಕಡಿಮೆ ಮಾಡಿದ್ದಾರೆ. ಏನಾದರೂ ಬೇಕಿದ್ದರೆ ಚೀಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸುತ್ತಾರೆ. ಇಲ್ಲವೇ ಎದುರಿಗೆ ಬಂದು ನಿಂತು, ಏನೋ ಗಂಭೀರ ವಿಷಯವಿದ್ದ ಹಾಗೆ ಮುಖ ನೋಡಿ, ‘ಕಾಫಿ ಕುಡೀತೀಯಾ’ ಅನ್ನುತ್ತಾರೆ. ವಯಸ್ಸಾಗುತ್ತಿದೆ ಪಾಪ.

ನನಗೆ ಈಗ ಹೊಂದುವವರು ಅತ್ತೆಯವರೇ. ಎಂಬತ್ತೆರಡು ವರ್ಷ, ಎರಡೂ ಕಿವಿಗೆ ಯಂತ್ರ. ಮೊದಲು ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಈಗ ಗಂಟೆಗಟ್ಟಲೆ ಹರಟುತ್ತೇವೆ. ಈ ಮನೆಯಲ್ಲಿ ಗಟ್ಟಿಯಾಗಿ, ಸ್ಪಷ್ಟವಾಗಿ ಮಾತಾಡುವವರು ಅವರೊಬ್ಬರೇ.

ಮಾರ್ಚ್ 12, ಮಂಗಳವಾರ



ಒಂಬತ್ತು ಶಾಲೆಗಳಿಂದ ದೂರು ಬಂದಿದೆ. ಮಕ್ಕಳು ಹೆಡ್‌ಫೋನ್ ಕಿತ್ತು ಎಸೆಯುತ್ತಿದ್ದಾರಂತೆ, ತಲೆನೋವು ಅನ್ನುತ್ತಿದ್ದಾರಂತೆ. ಒಂದು ಮಗು ಕಿವಿ ಮುಚ್ಚಿಕೊಂಡು ಅತ್ತಿತಂತೆ. ಅಪಾಯಗಳ ಪಟ್ಟಿ ಬರೆಯುತ್ತಾ ಕೂತಾಗಲೇ ನಿಜವಾದದ್ದು ಬಾಗಿಲು ತಟ್ಟಿತು.

ಯಜಮಾನರು ನನ್ನನ್ನೂ ಬದಲಿಯವಳನ್ನೂ ತಮ್ಮ ಕೋಣೆಗೆ ಕರೆದು ಏಳನೇ ಪಾಠ ಹಾಕಿದರು. ಹಾಕಿದ ತಕ್ಷಣ ಅವರ ಮುಖ ಹುಳಿ ಕಚ್ಚಿದ ಹಾಗಾಯಿತು. ಬದಲಿಯವಳು ಕಣ್ಣು ಮುಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಲೆಕ್ಕದವನೂ ಭುಜ ಕುಗ್ಗಿಸಿದ. ನನಗೆ ಪಾಠ ಕೇಳುತ್ತಿತ್ತು: ‘ಇದು ಚೆಂಡು. ಚೆಂಡು ಕೆಂಪಾಗಿದೆ.’ ಅಷ್ಟೇ. ಅವರ ಸ್ಪೀಕರು ಕಳಪೆ, ನಾನು ಹೆಡ್‌ಫೋನಿನಲ್ಲಿ ಕೇಳಿ ಅಭ್ಯಾಸವಾದವಳು.

“ಕೇಳಿಸ್ತಾ ಮೇಡಂ?” ಯಜಮಾನರು ಕೇಳಿದರು.

“ಹೌದು, ಇದೆ,” ಅಂದೆ. ಎಲ್ಲರ ಮುಖ ನೋಡಿ ಹೇಳಿದೆ. ಹೇಳದೆ ಏನು ಮಾಡಲಿ.

“ಮತ್ತೆ ಸೀಲು ಹೇಗೆ ಬಿತ್ತು?”

“ನಾನು ಕೇಳುವಾಗ ಇರ್ಲಿಲ್ಲ,” ಅಂದೆ. ಅದು ನಿಜ.

ನಾನು ಕೇಳುವಾಗ ಇರದಿದ್ದದ್ದು ಆಮೇಲೆ ಸೇರಿಕೊಂಡಿದೆ. ಸೀಲು ಬಿದ್ದ ಮೇಲೆ ಪಾಠ ಇರುವುದು ಒಬ್ಬಳ ಕೈಯಲ್ಲಿ. ಸೀಟಿ ಇದೆ, ಸೀಟಿ ಇದೆ ಎಂದು ನಾಲ್ಕು ಸಲ ಹೇಳಿದವಳೂ ಅವಳೇ. ತನ್ನ ಮಾತೇ ಸರಿ ಅನ್ನಿಸಿಕೊಳ್ಳಲು ತಾನೇ ಸೇರಿಸಿದಳೇ? ಮನುಷ್ಯರು ಇಷ್ಟಕ್ಕೂ ಇಳಿಯುತ್ತಾರೆಯೇ? ನನಗೆ ಹಾಗೇ ಅನ್ನಿಸಿತು, ಹಾಗೇ ಯಜಮಾನರಿಗೆ ಬರೆದು ಕೊಟ್ಟೆ.

ಮಾರ್ಚ್ 13, ಬುಧವಾರ

ಅವಳನ್ನು ಕಳಿಸಿಬಿಟ್ಟರು. ಹೋಗುವಾಗ ನನ್ನ ಬಾಗಿಲ ಹತ್ತಿರ ನಿಂತು ಏನೋ ಹೇಳಿದಳು, ಬೆನ್ನು ಬೆಳಕಿಗಿತ್ತು. ನಾನು ತಲೆಯಾಡಿಸಿದೆ.

ಮಾರ್ಚ್ 15, ಶುಕ್ರವಾರ

ಶಾಲೆಗಳ ಗಲಾಟೆ ಯಜಮಾನರು ಹೇಗೋ ತಣ್ಣಗೆ ಮಾಡುತ್ತಿದ್ದಾರೆ. ತಪ್ಪು ಮಾಡಿದವಳು ಹೋದಳು ಎಂದು ವಕೀಲೆಗೂ ಹೇಳಿದ್ದಾರೆ.

ವಕೀಲೆ ಇವತ್ತು ನನ್ನ ಎಂಟು ಅಪಾಯಗಳನ್ನು ಓದಿ, ಇನ್ನೊಂದು ಬಿಟ್ಟಿದ್ದೀರಿ ಅಂದಳು. ಯಾವುದು ಎಂದರೆ, ನಾನೇ ಅಂತೆ! ಇಡೀ ಕಂಪನಿಯ ಗುಣಮಟ್ಟ ಒಬ್ಬರ ಕಿವಿಯ ಮೇಲೆ ನಿಂತಿದೆ, ಅವರಿಗೆ ಏನಾದರೂ ಆದರೆ ಗತಿಯೇನು, ಹಾಗಾಗಿ ಅವರ ಹೆಸರಲ್ಲಿ ವಿಮೆ ಮಾಡಿಸಬೇಕು. ಇಷ್ಟನ್ನೂ ಕಾಗದದಲ್ಲಿ ಬರೆದು ತಂದಿದ್ದಳು, ಒಳ್ಳೆಯದಾಯಿತು.

ಇಷ್ಟು ವರ್ಷದಲ್ಲಿ ಯಾರೂ ನನಗೆ ಇಂಥ ಮರ್ಯಾದೆ ಕೊಟ್ಟಿರಲಿಲ್ಲ. ಮನೆಗೆ ಬಂದು ಇವರಿಗೆ ಹೇಳಿದೆ, “ರೀ, ನಾನು ಬಸ್ಸಿನಡಿ ಬಿದ್ರೆ ಕಂಪನಿ ಮುಳುಗುತ್ತಂತೆ.” ಇವರು ನಗಲಿಲ್ಲ.

ವಿಮೆಗೆ ಕಿವಿಯ ಪರೀಕ್ಷೆ ಬೇಕಂತೆ. ಮಂಗಳವಾರಕ್ಕೆ ಗೊತ್ತುಮಾಡಿದ್ದಾರೆ. ಇವರು ತಾವೂ ಬರುತ್ತೇನೆ ಎಂದು ಹಠ ಹಿಡಿದರು. ಕಿವಿ ತೋರಿಸಲು ಗಂಡನ ಕೈ ಹಿಡಿದು ಹೋಗಬೇಕೇ ನಾನು, ಬೇಡ ಅಂದೆ.

ಮಾರ್ಚ್ 19, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪರೀಕ್ಷೆಯ ಕೋಣೆ ನಮ್ಮ ರೆಕಾರ್ಡಿಂಗ್ ಕೋಣೆಯ ಹಾಗೇ ಇತ್ತು. ದಪ್ಪ ಬಾಗಿಲು, ಗೋಡೆಗೆ ಮೆತ್ತನೆಯ ಹೊದಿಕೆ, ಗಾಜಿನ ಕಿಟಕಿ. ಬಾಗಿಲಿನ ರಬ್ಬರು ಸವೆದಿದೆ, ಬದಲಾಯಿಸಿ ಎಂದು ಪರೀಕ್ಷೆ ಮಾಡುವವನಿಗೆ ನಾನೇ ಬುದ್ಧಿ ಹೇಳಿದೆ. ಅವನು ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಎಷ್ಟು ಸಣ್ಣ ಸದ್ದು ಕೇಳಿದರೂ ಒತ್ತಿ ಅಂದು ಬಾಗಿಲು ಹಾಕಿಕೊಂಡ.

ಮೊದಲು ಕೆಲವು ದಪ್ಪ ಸದ್ದು ಬಂದವು. ಒತ್ತಿದೆ. ಆಮೇಲೆ ನಿಂತುಹೋಯಿತು. ಯಂತ್ರ ಕೆಟ್ಟಿದೆ ಅಂದುಕೊಂಡು ಕಾದೆ. ಗಾಜಿನಾಚೆ ಅವನು ತಲೆ ತಗ್ಗಿಸಿ ಏನೋ ತಿರುಗಿಸುತ್ತಲೇ ಇದ್ದ. ರಿಪೇರಿ ಮಾಡಿಕೊಳ್ಳಲಿ ಎಂದು ಸುಮ್ಮನೆ ಬಳೆ ನೋಡುತ್ತಾ ಕೂತೆ. ತುಂಬಾ ಹೊತ್ತಾದ ಮೇಲೆ ಬಾಗಿಲು ತೆಗೆದ.

“ಸರಿಹೋಯ್ತಾ? ಶುರು ಮಾಡಿ,” ಅಂದೆ.

“ಮುಗೀತು ಮೇಡಂ.”

ನನಗೆ ಸಿಟ್ಟು ಬಂತು. ನಿಮ್ಮ ಯಂತ್ರ ಕೆಟ್ಟಿದೆ, ಅರ್ಧಕ್ಕೆ ನಿಂತಿತು ಎಂದು ಜೋರು ಮಾಡಿದೆ. ಅವನು ಪಾಪ, ಮರುಮಾತಾಡದೆ ಹೊರಗೆ ಸರದಿಯಲ್ಲಿ ಕೂತಿದ್ದ ಒಬ್ಬ ಮುದುಕರನ್ನು ಕರೆದು, ಅದೇ ಹೆಡ್‌ಫೋನನ್ನು ಅವರಿಗೆ ಹಾಕಿ, ಅದೇ ಸದ್ದುಗಳನ್ನು ಮತ್ತೆ ಬಿಟ್ಟ. ಬೆನ್ನು ಬಾಗಿದ ಮನುಷ್ಯ. ಊರುಗೋಲು ತೊಡೆಯ ಮೇಲಿಟ್ಟುಕೊಂಡು ಒಂದು ಬೆರಳೆತ್ತಿದರು. ಇಳಿಸಿದರು. ಮತ್ತೆ ಎತ್ತಿದರು. ಮತ್ತೆ. ಮತ್ತೆ. ನಾನು ಪಕ್ಕದಲ್ಲಿ ನಿಂತು ಆ ಬೆರಳು ಏಳುವುದನ್ನೇ ನೋಡಿದೆ. ಹದಿನಾಲ್ಕು ಸಲ ಎದ್ದಿತು.

ಆಮೇಲೆ ಒಂದು ಹಾಳೆ ಕೊಟ್ಟ. ಗೆರೆ ಸ್ವಲ್ಪ ದೂರ ಸಮನಾಗಿ ಹೋಗಿ ಮೆಟ್ಟಿಲಿಳಿದ ಹಾಗೆ ಇಳಿದುಬಿಟ್ಟಿದೆ. “ಇದು ಒಂದು ದಿನದ್ದಲ್ಲ ಮೇಡಂ. ನಾಲ್ಕೈದು ವರ್ಷದಿಂದ ಇಳೀತಾ ಬಂದಿರ್ಬೇಕು. ತೆಳು ಸದ್ದುಗಳು ಹೋಗಿವೆ. ಸೀಟಿ, ಹಕ್ಕಿ, ಗಡಿಯಾರ, ಆ ಥರದ್ದು.”

ಗಡಿಯಾರ ಅಂದ.

ಮಾರ್ಚ್ 20, ಬುಧವಾರ

ರಜೆ ಹಾಕಿದೆ. ಬರೆಯಲು ಏನೂ ಇಲ್ಲ.

ಮಾರ್ಚ್ 21, ಗುರುವಾರ

ಬೆಳಿಗ್ಗೆ ಮುಂದಿನ ಕೋಣೆಗೆ ಹೋದೆ. ಗೋಡೆಯ ಮೇಲೆ ಹದಿನೇಳು ಗಡಿಯಾರ. ಎಲ್ಲದರ ಮುಳ್ಳೂ ಓಡುತ್ತಿತ್ತು. ಒಂದನ್ನು ಇಳಿಸಿ ಅಂಗೈ ಮೇಲಿಟ್ಟುಕೊಂಡೆ. ಕೈಗೆ ಬಡಿಯಿತು, ಕಿವಿಗೆ ಬರಲಿಲ್ಲ. ಗೋಡೆಗೊರಗಿ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮದುವೆಯಾದ ಹೊಸತರಲ್ಲಿ ಈ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಜಗಳವಾಡಿ ತವರಿಗೆ ಹೋಗಿದ್ದವಳು ನಾನು.

ಇವರು ಬಂದು ಪಕ್ಕದಲ್ಲಿ ಕೂತರು.

“ನಿಮಗೆ ಗೊತ್ತಿತ್ತಾ?”

“ಎರಡು ವರ್ಷದಿಂದ.”

“ಯಾಕ್ರೀ ಹೇಳ್ಲಿಲ್ಲ?”

“ನಾಲ್ಕು ಸಲ ಹೇಳ್ದೆ. ಎರಡು ಸಲ ನಿನಗೆ ಕೇಳಿಸ್ಲಿಲ್ಲ. ಇನ್ನೆರಡು ಸಲ ಕೇಳಿಸ್ತು, ಸಿಟ್ಟು ಬಂತು.”

ಬಂದಿತ್ತು. ಈಗ ನೆನಪಾಗುತ್ತದೆ. ಸಿಟ್ಟು ಮಾತ್ರ ನೆನಪಿತ್ತು, ಯಾವುದಕ್ಕೆ ಎಂಬುದು ಮರೆತಿತ್ತು.

ಅತ್ತೆ ಊಟದ ಮೇಜಿನಲ್ಲಿ ಕೇಳಿದರು, “ಏನಂತೆ?” ಹೇಳಿದೆ. “ಅಷ್ಟೇನಾ? ನಾನು ಕ್ಯಾನ್ಸರೇನೋ ಅಂತ ಹೆದರಿದ್ದೆ. ನನ್ನ ಹಳೇ ಮಿಷನ್ ಬೀರುನಲ್ಲಿದೆ, ತಗೋ,” ಅಂದರು. ಎರಡು ದಿನದಿಂದ ನಕ್ಕಿರಲಿಲ್ಲ, ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರ್ಚ್ 23, ಶನಿವಾರ

ಅಣ್ಣನ ಮನೆಗೆ ಹೋಗಿದ್ದೆ. ಮಂಡಿಗೆ ಪಟ್ಟಿ ಸುತ್ತಿಕೊಂಡು ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದರು. ಹಾಳೆಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಓದಲಿಲ್ಲ, ಮಡಿಸಿ ವಾಪಸು ಕೊಟ್ಟರು. ಅಷ್ಟರಲ್ಲೇ ನನಗೆ ಅರ್ಥವಾಯಿತು.

“ಸಂಜೆ ನಾನು ಹೋದ್ಮೇಲೆ ನೀವು ಕೂರ್ತಿದ್ದದ್ದು…”

“ಒಂದ್ಸಲ ಎಲ್ಲ ಕೇಳ್ತಿದ್ದೆ ನೋಡಮ್ಮ. ಹೆಚ್ಚಿಗೇನೂ ಇರ್ತಿರ್ಲಿಲ್ಲ. ವಾರಕ್ಕೆ ಒಂದೋ ಎರಡೋ. ಸರಿಮಾಡಿ ಇಡ್ತಿದ್ದೆ.”

“ನನ್ನ ಸೀಲು ಬಿದ್ದ ಮೇಲೆ.”

“ಹ್ಞೂಂ.”

“ಎಷ್ಟು ವರ್ಷ?”

“ಮೂರು.” ಕಾಲು ನೀವಿಕೊಂಡರು. “ಆಪರೇಷನ್ ಮುಂದಕ್ಕೆ ಹಾಕ್ತಾ ಹಾಕ್ತಾ ಬಂದೆ. ಆಮೇಲೆ ನಡೆಯೋಕೇ ಆಗ್ಲಿಲ್ಲ. ಬದಲಿಗೆ ಬಂದೋಳಿಗೆ ಹೇಳಿ ಹೋಗ್ಬೇಕಾಗಿತ್ತು. ಹೇಳಿದ್ರೆ ನಿಮ್ಮ ಮಾನ ಹೋಗುತ್ತಲ್ಲ ಅಂತ ಸುಮ್ಮನಾದೆ. ಅದು ನನ್ನ ತಪ್ಪು.”

ಈ ಮನುಷ್ಯ ನನ್ನ ಮಾನ ಕಾಪಾಡಲು ಮೂರು ವರ್ಷ ಆ ಮಂಡಿ ಇಟ್ಟುಕೊಂಡು ಆಫೀಸಿನ ಮೆಟ್ಟಿಲು ಹತ್ತಿ ಇಳಿದಿದ್ದಾರೆ. ನಾನು ಅತ್ತಿಗೆ ಮನೆಗೆ ಸೇರಿಸುವುದಿಲ್ಲವೇ ಎಂದು ರೇಗಿಸಿದ್ದೇನೆ. ಅತ್ತಿಗೆ ತಟ್ಟೆಯಲ್ಲಿ ಹಣ್ಣು ಹೆಚ್ಚಿ ತಂದಿಟ್ಟರು. ನಾನು ತಟ್ಟೆ ಮುಟ್ಟಲಿಲ್ಲ.

ಎದ್ದು ಹೊರಡುವಾಗ ಅಣ್ಣ ಕೇಳಿದರು, “ಅವಳು ಹೇಗಿದ್ದಾಳೆ? ಒಳ್ಳೆ ಕಿವಿ ಅಂತ ಕೇಳಿದ್ದೆ.”

ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಮಾರ್ಚ್ 25, ಸೋಮವಾರ

ವಕೀಲೆಗಿಂತ ಮೊದಲು ಯಜಮಾನರಿಗೆ ಹೇಳುವುದು ಧರ್ಮ ಅನ್ನಿಸಿತು. ಈ ಕಂಪನಿಗೆ ಕೆಲಸಕ್ಕೆ ಸೇರಿದವರಲ್ಲಿ ನಾನು ಮೂರನೆಯವಳು. ಆಗ ಅವರೇ ಕ್ಯಾಸೆಟ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿ ತಿರುಗುತ್ತಿದ್ದರು.

ಅವರು ಹಾಳೆ ನೋಡಿದರು. ನೀರು ಕುಡಿದರು. ಎದ್ದು ಬಾಗಿಲು ಹಾಕಿ ಬಂದು, ನನ್ನ ಎದುರು ಕುರ್ಚಿ ಎಳೆದುಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದರು: “ಮೇಡಂ, ಇನ್ನು ಹದಿನೈದು ದಿನ. ಅವರು ಸಹಿ ಹಾಕ್ಲಿ. ರಿಪೋರ್ಟು ತಡವಾಗಿದೆ ಅಂತ ಹೇಳಿಬಿಡೋಣ. ಆಮೇಲೆ ನೀವು ಗೌರವವಾಗಿ ನಿವೃತ್ತಿ ತಗೊಳ್ಳಿ. ಈಗ ಇದು ಹೊರಗೆ ಬಂದ್ರೆ ಅವರು ಹಿಂದೆ ಸರೀತಾರೆ. ಅರವತ್ತು ಜನರ ಮನೆ ನಡೀಬೇಕು ಇಲ್ಲಿ.”

“ಹೋದವಳು?”

“ಅವಳು ಬದಲಿ. ಹೇಗೂ ಹೋಗ್ಬೇಕಾದವಳೇ.”

ಕೆಟ್ಟ ಮನುಷ್ಯರಲ್ಲ ಅವರು. ಆ ಕೊನೆಯ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಆಗಲಿ ಅಂದುಕೊಂಡೇ ಮನೆಗೆ ಬಂದೆ.

ಮಾರ್ಚ್ 26, ಮಂಗಳವಾರ

ಆಗಲಿ ಎಂದು ಬಂದವಳು ಬೆಳಿಗ್ಗೆ ಈ ಪುಸ್ತಕ ತೆಗೆದು ಹಿಂದಿನದನ್ನೆಲ್ಲ ಓದಿದೆ. ಹನ್ನೆರಡನೇ ತಾರೀಖಿಗೆ ಬಂದು ನಿಂತೆ. ‘ಹೌದು, ಇದೆ, ಅಂದೆ. ಎಲ್ಲರ ಮುಖ ನೋಡಿ ಹೇಳಿದೆ.’ ನನ್ನ ಕೈಬರಹವೇ. ಅವತ್ತೇ ಬರೆದಿಟ್ಟಿದ್ದೇನೆ. ನನಗೆ ಕೇಳಿಸಲಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು.

ಕಿವಿ ಹೋದದ್ದು ನನ್ನ ತಪ್ಪಲ್ಲ, ಅದು ಯಾರಿಗಾದರೂ ಹೋಗಬಹುದು. ಆದರೆ ಆ ಕೋಣೆಯಲ್ಲಿ ‘ಹೌದು’ ಎಂದದ್ದು ಕಿವಿಯಲ್ಲ, ಬಾಯಿ. ಆ ಒಂದು ಮಾತಿಗೆ ಒಬ್ಬಳ ಅನ್ನ ಹೋಯಿತು, ಜೊತೆಗೆ ಕೆಲಸ ಕೆಡಿಸಿದವಳು ಎಂಬ ಹೆಸರೂ ಬಂತು. ಮೈಮೇಲೆ ಬಿಸಿನೀರು ಚೆಲ್ಲಿದ ಹಾಗೆ ಆಗುತ್ತಿದೆ, ಬರೆದರೂ ಆರುವುದಿಲ್ಲ.

ಪುಸ್ತಕವನ್ನು ಮುಂದಕ್ಕೆ ತಿರುಗಿಸಿ, ಎಂಟರ ಕೆಳಗೆ ಬರೆದೆ:

‘ಒಂಬತ್ತು. ಈ ಕಂಪನಿಯ ಪ್ರತಿ ಪಾಠವನ್ನೂ ಒಬ್ಬಳೇ ಕೇಳಿ ಒಪ್ಪುತ್ತಾಳೆ. ಆಕೆಗೆ ತೆಳು ಸದ್ದುಗಳು ಕೇಳಿಸುವುದಿಲ್ಲ. ಇದು ಮುಂದೆ ಬರಬಹುದಾದ ಅಪಾಯವಲ್ಲ, ಬಂದು ಆಗಿದೆ. ಮೂವತ್ತೆಂಟು ಪಾಠ ಹಾಗೆಯೇ ಹೊರಗೆ ಹೋಗಿವೆ. ಬದಲಿಗೆ ಬಂದಿದ್ದವರು ನಾಲ್ಕು ಸಲ ಎಚ್ಚರಿಸಿದ್ದರು. ಅವರದು ಏನೂ ತಪ್ಪಿಲ್ಲ. ಅವರ ಮೇಲೆ ನಾನು ಬರೆದು ಕೊಟ್ಟದ್ದು ಸುಳ್ಳು.’

ವಕೀಲೆಯ ಮೇಜಿನ ಮೇಲೆ ಹಾಳೆಯ ಜೊತೆ ಇಟ್ಟೆ. ಆಕೆ ಎರಡು ಸಲ ಓದಿದಳು. ಆಮೇಲೆ ಎದ್ದು ಮೇಜನ್ನು ಸುತ್ತಿ ಬಂದು ನನ್ನ ಎದುರಿಗೆ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕೂತು ಕೇಳಿದಳು: “ಇದನ್ನ ಕೊಟ್ರೆ ನಿಮ್ಮ ಕೆಲಸ ಹೋಗುತ್ತೆ, ಗೊತ್ತಲ್ವ?”

ಪ್ರತಿ ಅಕ್ಷರವೂ ತಿಳಿಯಿತು. ಪಾಪ, ಆಕೆ ಹಲ್ಲಿನ ಸಂದಿಯಲ್ಲಿ ಮಾತಾಡುವವಳೇ ಅಲ್ಲ.

ಏಪ್ರಿಲ್ 2, ಮಂಗಳವಾರ

ಕೊಳ್ಳುವವರು ಹಿಂದೆ ಸರಿದಿಲ್ಲ, ಮುಂದೆಯೂ ಬಂದಿಲ್ಲ. ಮೂವತ್ತೆಂಟು ಪಾಠಗಳನ್ನೂ ಹೊಸದಾಗಿ ಮಾಡಿ, ಮೂರು ವರ್ಷದ ಪಾಠಗಳನ್ನೆಲ್ಲ ಬೇರೊಬ್ಬರು ಮೊದಲಿಂದ ಕೇಳಲಿ, ಆಮೇಲೆ ಮಾತು ಎಂದಿದ್ದಾರೆ. ಎರಡು ತಿಂಗಳು. ಅಷ್ಟರಲ್ಲಿ ಆಗದಿದ್ದರೆ ಇಲ್ಲ. ಅರವತ್ತು ಜನರೂ ನನ್ನನ್ನು ನೋಡಿದ ಕೂಡಲೇ ಮಾತು ನಿಲ್ಲಿಸುತ್ತಾರೆ. ನಿಲ್ಲಿಸುವುದು ಕಣ್ಣಿಗೆ ಕಾಣುತ್ತದೆ.

ಯಜಮಾನರು ಏಳು ದಿನ ಮಾತಾಡಿರಲಿಲ್ಲ. ಇವತ್ತು ಕರೆದರು.

“ಯಾರು ಕೇಳ್ತಾರೆ ಈಗ? ಅಣ್ಣನ ಕಾಲಿಗೆ ಇನ್ನೂ ಮೂರು ತಿಂಗಳು ಬೇಕು. ಈ ಕೆಲಸಕ್ಕೆ ಹೊಸಬರನ್ನ ಎಲ್ಲಿಂದ ತರಲಿ?”

“ಒಬ್ಬರಿದ್ದಾರೆ.”

ಅವರಿಗೆ ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. “ಅಷ್ಟೆಲ್ಲ ಆದ್ಮೇಲೆ ಬರ್ತಾರಾ? ನೀವೇ ಹೋಗಿ ಕೇಳಿ. ಕಳಿಸಿದ್ದು ನೀವು.”

ಹೊರಟಾಗ ಸೀಲನ್ನು ಮೇಜಿನ ಮೇಲೆ ಬಿಟ್ಟು ಬರಬೇಕಾಗಿತ್ತು. ಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ, ಯಾಕೋ ಗೊತ್ತಿಲ್ಲ.

ಏಪ್ರಿಲ್ 4, ಗುರುವಾರ

ಬದಲಿಗೆ ಬಂದಿದ್ದ ಆಕೆಗೆ ಬಸ್ ನಿಲ್ದಾಣದಲ್ಲಿ ಕೆಲಸ ಸಿಕ್ಕಿದೆ. ಬಸ್ಸು ಬರುವ ಹೊರಡುವ ಸಮಯವನ್ನು ಮೈಕಿನಲ್ಲಿ ಹೇಳುವುದು. ನನಗೆ ಲೋಕದಲ್ಲಿ ಇದಕ್ಕಿಂತ ಕಷ್ಟದ ಜಾಗ ಇಲ್ಲ ಎಂದು ಅಲ್ಲಿ ಹೋಗಿ ನಿಂತ ಮೇಲೆ ಗೊತ್ತಾಯಿತು. ಎಂಜಿನ್ನುಗಳು ಎದೆಗೆ ಗುದ್ದುತ್ತವೆ, ಜನ ಬಾಯಿ ತೆರೆಯುತ್ತಾರೆ ಮುಚ್ಚುತ್ತಾರೆ. ಗಾಜಿನ ಹಿಂದೆ ಆಕೆ ಮೈಕಿಗೆ ಬಗ್ಗಿ ಮಾತಾಡುತ್ತಿರುವುದು ಕಾಣುತ್ತಿತ್ತು. ಸುತ್ತಲಿನವರೆಲ್ಲ ಒಮ್ಮೆಗೇ ಗಂಟು ಎತ್ತಿಕೊಂಡು ಒಂದು ದಿಕ್ಕಿಗೆ ಓಡಿದಾಗ, ಆಕೆ ಏನೋ ಹೇಳಿದಳು ಎಂದು ತಿಳಿಯಿತು.

ಟೀ ಹೊತ್ತಿಗೆ ಹೊರಗೆ ಬಂದಳು. ನನ್ನನ್ನು ಕಂಡು ನಿಂತಳು, ಓಡಿಹೋಗಲಿಲ್ಲ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆಲ್ಲ ಮರೆತುಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನಗೆ ಸೀಟಿ ಅವತ್ತೂ ಕೇಳಿಸಿರಲಿಲ್ಲ. ಕೇಳಿಸಿತು ಎಂದು ಸುಳ್ಳು ಹೇಳಿದೆ. ನಿಮ್ಮ ಮೇಲೆ ಬರೆದು ಕೊಟ್ಟದ್ದು ಸುಳ್ಳು, ಅದನ್ನು ಕಂಪನಿಯ ಕಾಗದದಲ್ಲೇ ತಿದ್ದಿದ್ದೇನೆ. ತಪ್ಪಾಯಿತು. ಈಗ ನಿಮ್ಮ ಕಿವಿ ಬೇಕಾಗಿದೆ, ನನಗಲ್ಲ, ಅರವತ್ತು ಜನರಿಗೆ. ಬರುತ್ತೀರಾ?

ಆಕೆ ಟೀ ಲೋಟ ಹಿಡಿದು ಬಸ್ಸುಗಳ ಕಡೆ ಮುಖ ತಿರುಗಿಸಿದಳು. ಕೆನ್ನೆ ಅಲುಗುತ್ತಿತ್ತು, ಏನೋ ಹೇಳುತ್ತಿದ್ದಳು. ಸ್ವಲ್ಪ ಉದ್ದದ ಮಾತೇ. ಮುಗಿಸಿ ನನ್ನನ್ನು ನೋಡಿದಳು.

ಬೈದಳೋ, ಒಪ್ಪಿದಳೋ, ಒಂದೂ ಗೊತ್ತಾಗಲಿಲ್ಲ. ನನ್ನ ತಲೆ ಆಗಲೇ ಅಲ್ಲಾಡಲು ಶುರುವಾಗಿತ್ತು. ‘ಹೌದು’ ಎಂಬುದು ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾಲ್ಕೈದು ವರ್ಷದಿಂದ ಎಲ್ಲರಿಗೂ ಅದನ್ನೇ ಕೊಟ್ಟು ಕಳಿಸಿದ್ದೇನೆ. ತಲೆಯನ್ನು ನಿಲ್ಲಿಸಿದೆ.

“ನನಗೆ ಕೇಳಿಸ್ಲಿಲ್ಲ. ದಯವಿಟ್ಟು ಇನ್ನೊಂದ್ಸಲ ಹೇಳಿ.”

ಇಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಸಲ ಆ ವಾಕ್ಯ ಕೇಳಿ ಸೀಲು ಹೊಡೆದಿದ್ದೇನೋ. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

 ಆಕೆ ಲೋಟವನ್ನು ಕಟ್ಟೆಯ ಮೇಲಿಟ್ಟು, ಒಂದು ಹೆಜ್ಜೆ ಮುಂದೆ ಬಂದು, ನನ್ನ ಎದುರಿಗೆ ನಿಂತು, ನಿಧಾನವಾಗಿ ಹೇಳಿದಳು.

“ಬರ್ತೀನಿ. ಆದ್ರೆ ಸೀಲು ನನ್ನ ಕೈಲಿರ್ಬೇಕು.”

ಚೀ​ಲದಿಂದ ತೆಗೆದು ಆಕೆಯ ಕೈಗೆ ಕೊಟ್ಟೆ.